ಹಲ್ಲಿನ ಡಾಕ್ಟರ ಗಂಭೀರ ಸಾವು

ಕೆಟ್ಟ ನಾಟಕ ಓದುವುದಕ್ಕೆ ಹಲ್ಲಿನ ಡಾಕ್ಟರ ಕುರ್ಚಿಗಿಂತ ಒಳ್ಳೆಯ ಜಾಗ ಜಾವಾದ ನಮ್ಮ ಸೊಲೊ ಪಟ್ಟಣದಲ್ಲೇ ಇಲ್ಲ. ನೋವಾಗುತ್ತದೆ ಎಂದು ಗೊತ್ತಿದ್ದೇ ಒರಗಿಕೊಂಡಿರುತ್ತೇವೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಉಗುಳುವುದಕ್ಕೆ ಪಕ್ಕದಲ್ಲೇ ಬಟ್ಟಲು ಇರುತ್ತದೆ.

ಗುರುವಾರ ಮಧ್ಯಾಹ್ನ ನನ್ನ ಗೆಳೆಯ, ಹಲ್ಲಿನ ಡಾಕ್ಟರು ಕುಂಚೊರೊನ ದವಾಖಾನೆಗೆ ರೋಗಿಗಳು ಬರುವುದು ಕಡಿಮೆ. ಆ ಬಿಸಿಲಲ್ಲಿ ಹಲ್ಲು ನೋವಿಗೂ ನಿದ್ದೆ ಬರುತ್ತದೋ ಏನೋ. ಆ ಹೊತ್ತಿಗೆ ನಾನು ಹೋಗುತ್ತೇನೆ. ಬಾಗಿಲಿಗೆ ಪರದೆ ಎಳೆದು, ಶುಂಠಿ ಕಷಾಯಕ್ಕೆ ಕಲ್ಲುಸಕ್ಕರೆ ಹಾಕಿಕೊಂಡು, ಒಬ್ಬರ ಕೈಯಿಂದ ಒಬ್ಬರು ಕಸಿದು ನಾಟಕ ಓದುತ್ತೇವೆ. ನಾನು ಕುರ್ಚಿಯಲ್ಲಿ ಒರಗಿರುವವನಾದ್ದರಿಂದ ರಾಜ, ರಾಣಿ, ದೇವರು ಎಲ್ಲ ನನ್ನ ಪಾಲು. ನಿಂತಿರುವ ಅವನಿಗೆ ಸೇವಕ, ಸೈನಿಕ, ಕುದುರೆ. ನಡುನಡುವೆ ಕಡಿಯುವುದಕ್ಕೆ ಇಂತಿಪ್, ಅಂದರೆ ಪಾತ್ರೆಯ ತಳಕ್ಕೆ ಹಿಡಿದ ಅನ್ನವನ್ನು ಒಣಗಿಸಿ ಕರಿದ ಗಟ್ಟಿ ಚಕ್ಕೆ. ಅದನ್ನು ಕುಂಚೊರೊ 'ನನ್ನ ವ್ಯಾಪಾರದ ಪಾಲುದಾರ' ಎನ್ನುತ್ತಾನೆ. ಊರಿನ ಅರ್ಧ ಹಲ್ಲುಗಳು ಅವನ ಬಳಿಗೆ ಬರುವುದು ಅದರ ಶಿಫಾರಸಿನಿಂದ.

ಓದಿ ಮುಗಿದ ಮೇಲೆ ತೀರ್ಪು. 'ಇದು ಹಾಲುಹಲ್ಲು, ತಾನೇ ಬಿದ್ದು ಹೋಗುತ್ತೆ, ಮುಟ್ಟಬೇಡ.' 'ಇದರ ಬೇರು ಕೊಳೆತಿದೆ.' 'ಇದರಲ್ಲಿ ಹಲ್ಲೇ ಇಲ್ಲ, ಬರೀ ಒಸಡು.' ಪಟ್ಟಣದ ಯಾವ ನಾಟಕಕಾರನೂ ನಮ್ಮ ಕೈಗೆ ಸಿಕ್ಕು ನೆಟ್ಟಗೆ ನಡೆದುಕೊಂಡು ಹೋದದ್ದಿಲ್ಲ. ನಾನು ಪತ್ರಿಕೆಯಲ್ಲಿ ವಾರಕ್ಕೊಂದು ಅಂಕಣ ಬರೆಯುವವನು. ಗುರುವಾರ ಉಗುಳಿದ್ದನ್ನು ಭಾನುವಾರ ಅಚ್ಚು ಹಾಕಿಸುತ್ತೇನೆ.

ಕುಂಚೊರೊ ಹಗಲು ಹಲ್ಲು ಕೀಳುತ್ತಾನೆ, ಸಂಜೆ ಹಲ್ಲು ಕಿರಿಸುತ್ತಾನೆ. ನಮ್ಮ ಬಡಾವಣೆಯ ಕೆಟೊಪ್ರಾಕ್ ನಾಟಕದ ತಂಡದಲ್ಲಿ ಅವನು ವಿದೂಷಕ. ರಾಜರ ಕಥೆ, ಗಮೆಲಾನ್ ವಾದ್ಯ, ಕೆಂಪು ಪರದೆ, ನಡುವೆ ಇವನ ತರಲೆ: ಇಷ್ಟಿಲ್ಲದೆ ನಮ್ಮವರಿಗೆ ಕೆಟೊಪ್ರಾಕ್ ನೋಡಿದ ಹಾಗೇ ಆಗುವುದಿಲ್ಲ. ಅವನು ಪರದೆಯ ಸಂದಿಯಿಂದ ಮೂಗು ತೂರಿಸಿದರೆ ಸಾಕು, ಜನ ನಗುತ್ತಾರೆ. ಇಕ್ಕಳ ಹಿಡಿದು ಬಂದಾಗಲೂ ನಗುತ್ತಾರೆ. ಅದರಿಂದ ಅವನಿಗೊಂದು ಲಾಭ, ಬಾಯಿ ತೆಗೆಯಿರಿ ಎಂದು ಹೇಳಬೇಕಾಗಿಲ್ಲ.

ಆ ಗುರುವಾರ ನಾನು ಹೋದಾಗ ಅವನು ಕೈಯಲ್ಲೊಂದು ದಪ್ಪ ಪುಸ್ತಕ ಹಿಡಿದು ನಿಂತಿದ್ದ. ಕೆಂಪು ರಟ್ಟು, ಮೇಲೆ ಚಿನ್ನದ ಅಕ್ಷರ: 'ಮಹಾಮಂತ್ರಿಯ ಮಹಾನಿರ್ಗಮನ'.

"ಚಿನ್ನದ ಕವಚ ಹಾಕ್ಸಿದಾರೆ ಅಂದ್ರೆ ಒಳಗೆ ಹುಳುಕಿದೆ ಅಂತ್ಲೇ ಲೆಕ್ಕ" ಎಂದೆ. "ಯಾರದು ಮಾಸ್ ಕುನ್?" ಮಾಸ್ ಎಂದರೆ ಅಣ್ಣ, ಕುನ್ ಅವನ ಹೆಸರಿನ ತಲೆ.

"ಪಾಕ್ ವಸಿತೊ ಅವರದ್ದು."

ನಾನು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಬಾಗಿಸಿಕೊಂಡೆ. ದೊಡ್ಡ ನೋವಿಗೆ ತಯಾರಾಗಬೇಕಲ್ಲ.

ಪಾಕ್ ಎಂದರೆ ಹಿರಿಯರ ಹೆಸರಿನ ಹಿಂದೆ ಹಚ್ಚುವ 'ಅಪ್ಪಾವರು', ವಸಿತೊ ಎಂದರೆ ನಮ್ಮಲ್ಲಿ ಬುದ್ಧಿವಾದ ಎಂದು ಅರ್ಥ. ಈ ಪುಣ್ಯಾತ್ಮರು ಅದರಲ್ಲಿ ಬುದ್ಧಿಯನ್ನು ಬಿಟ್ಟು ವಾದವನ್ನು ಇಟ್ಟುಕೊಂಡಿದ್ದರು. ಹುಡುಗರಾಗಿದ್ದಾಗ ಜಕಾರ್ತಾಕ್ಕೆ ಹೋಗಿ, ಜೀವಮಾನವೆಲ್ಲ ಸಿಮೆಂಟ್ ಮಾರಿ, ಅಲ್ಲಿ ಜಾವಾ ಮಾತನ್ನು ಪೂರ್ತಿ ಮರೆತು, ನಿವೃತ್ತಿಯಾದ ಮೇಲೆ ಅದನ್ನು ಉದ್ಧಾರ ಮಾಡಲು ಊರಿಗೆ ಬಂದಿದ್ದರು. ಬಂದವರೇ ಕೆಟೊಪ್ರಾಕ್ ತಂಡಕ್ಕೆ ಹೊಸ ಪರದೆ, ಹೊಸ ಕಿರೀಟ ಕೊಡಿಸಿ ಪೋಷಕರಾದರು. ಪೋಷಕರು ನಾಟಕಕಾರರಾಗುವುದಕ್ಕೆ ಎಷ್ಟು ಹೊತ್ತು? ಒಂದು ಮಳೆಗಾಲ ಮನೆಯಿಂದ ಹೊರಗೆ ಬರಲಿಲ್ಲ. ಬಂದಾಗ ಕಂಕುಳಲ್ಲಿ ಇದು.

ಕೆಟೊಪ್ರಾಕ್‌ನಲ್ಲಿ ಬರೆದ ಮಾತು ಎಂದು ಇರುವುದೇ ಇಲ್ಲ. ಕಥೆ ಇಂಥದ್ದು, ಇವನು ಆಮೇಲೆ ಬರಬೇಕು, ಅವಳು ಅಷ್ಟು ಹೊತ್ತಿಗೆ ಅಳಬೇಕು ಎಂದು ನಿರ್ದೇಶಕ ಹೇಳುತ್ತಾನೆ. ಮಾತು ಆಡುವವರ ಬಾಯಿಗೆ ಬಿಟ್ಟದ್ದು. ಪಾಕ್ ವಸಿತೊಗೆ ಬಾಯಿಗಳ ಮೇಲೆ ನಂಬಿಕೆ ಇರಲಿಲ್ಲ. ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದರು: 'ಒಂದಕ್ಷರವೂ ಬದಲಾಗತಕ್ಕದ್ದಲ್ಲ.'

"ಯಾವ ಪಾತ್ರ ಕೊಟ್ಟಿದಾರೆ? ಕುದುರೆನಾ?"

"ಮಹಾಮಂತ್ರಿ" ಎಂದ ಕುಂಚೊರೊ. ಹಾಗೆ ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು.

ಮಂತ್ರಿ ಪಾತ್ರವನ್ನು ಪ್ರತಿಸಲ ಮಾಡುತ್ತಿದ್ದವರು ಅಂಚೆ ಕಚೇರಿಯ ನಿವೃತ್ತ ನೌಕರರೊಬ್ಬರು. ಪುಸ್ತಕ ಕೈಗೆ ಬಂದ ದಿನವೇ ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಉಳಿದ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಕಡೆ ಹಿಡಿದುಕೊಂಡಿತು. ಹಿಡಿದುಕೊಳ್ಳದೆ ಉಳಿದದ್ದು ಇವನೊಬ್ಬನಿಗೆ.

ನಾನು ರಾಜನಾದೆ. "'ಏನು ಸಮಾಚಾರ ಮಹಾಮಂತ್ರಿ?'" ಎಂದು ಓದಿದೆ.

ಕುಂಚೊರೊ ಗಂಟಲು ಸರಿ ಮಾಡಿಕೊಂಡ. "'ಪ್ರಭುಗಳೇ, ನಾನು ದಯಮಾಡಿಸಿದ್ದೇನೆ.'"

ಅಲ್ಲಿಗೆ ನಿಂತ.

"ಮುಂದೆ ಓದು ಮಾಸ್."

"ಓದ್ತೀನಿ ಇರು. ಗಂಟಲಲ್ಲಿ ಏನೋ ಸಿಕ್ಕೊಂಡ್ತು."

"ವ್ಯಾಕರಣ ಇರ್ಬೇಕು. ಉಗುಳು."

"'ರಾತ್ರಿಯಿಡೀ ನಾನು ಪವಡಿಸಲಿಲ್ಲ. ಬೆಳಗಿನಿಂದ ನಾನು ಏನನ್ನೂ ಆರೋಗಿಸಲಿಲ್ಲ. ನಡೆದು ನಡೆದು ನನ್ನ ಶ್ರೀಪಾದಗಳು...'"

ನಾನು ಕುರ್ಚಿಯಿಂದ ಜಾರಿ ಬಿದ್ದೆ. ಬೀಳುವಾಗ ಬಟ್ಟಲನ್ನೂ ಬೀಳಿಸಿದೆ.

ನಮ್ಮ ಜಾವಾ ಮಾತಿನಲ್ಲಿ ಇದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ನಾನು ಉಣ್ಣುತ್ತೇನೆ, ನೀವು ಆರೋಗಿಸುತ್ತೀರಿ. ನಾನು ಬಿದ್ದುಕೊಳ್ಳುತ್ತೇನೆ, ನೀವು ಪವಡಿಸುತ್ತೀರಿ. ನನ್ನದು ಕಾಲು, ನಿಮ್ಮದು ಶ್ರೀಪಾದ. ಮೇಲ್ಮಾತೆಲ್ಲ ಎದುರಿಗಿರುವವರಿಗೆ ಕೊಡುವುದಕ್ಕೆ. ತನಗೆ ತಾನೇ ಹಾಕಿಕೊಳ್ಳುವುದಕ್ಕಲ್ಲ. ತನ್ನ ಕೊರಳಿಗೆ ತಾನೇ ಹಾರ ಹಾಕಿಕೊಂಡು ತಾನೇ ಚಪ್ಪಾಳೆ ತಟ್ಟಿದ ಹಾಗೆ ಅದು. ಮಗು ಒಮ್ಮೆ ಹಾಗೆಂದರೆ ಅಜ್ಜಿ ನಗುತ್ತಾಳೆ, ಇನ್ನೊಮ್ಮೆ ಅಂದರೆ ಕಿವಿ ಹಿಂಡುತ್ತಾಳೆ. ಪಾಕ್ ವಸಿತೊಗೆ ಅಜ್ಜಿ ಇರಲಿಲ್ಲವೋ, ಇದ್ದವಳಿಗೆ ಕೈ ನೋವಿತ್ತೋ.

ಕೊನೆಯ ಅಂಕದಲ್ಲಿ ಮಂತ್ರಿ ರಾಜನಿಗೆ ಅಡ್ಡ ಬಂದು ಕತ್ತಿಯ ತಿವಿತ ತಾನು ತೆಗೆದುಕೊಂಡು ಸಾಯುತ್ತಾನೆ. ಆ ಪುಟವನ್ನು ಕುಂಚೊರೊ ತುಂಬ ನಿಧಾನವಾಗಿ ಓದಿದ. "'ಪ್ರಭುಗಳೇ, ಕತ್ತಿಯು ನನ್ನ ಶ್ರೀವಕ್ಷವನ್ನು ಹೊಕ್ಕಿತು. ನಾನು ಸ್ವರ್ಗಸ್ಥರಾಗಲು ಚಿತ್ತೈಸಿದ್ದೇನೆ.'"

"ಆಹಾ! ತನ್ನ ಸಾವಿನ ಸುದ್ದಿ ತಾನೇ ಕೊಡ್ತಾನಲ್ಲ, ನಮ್ಮ ಪತ್ರಿಕೆಯೋರಿಗೆ ಕೆಲ್ಸ ಉಳೀತು" ಎಂದೆ ಕಣ್ಣೊರೆಸಿಕೊಳ್ಳುತ್ತ. "ಮಾಸ್, ಇದನ್ನ ನೀನು ಹೋಗಿ ವೇದಿಕೆ ಮೇಲೆ ಹೇಳಿದ್ರೆ ಜನ ಅಲ್ಲೇ ಸ್ವರ್ಗಸ್ಥರಾಗ್ತಾರೆ. ಪುಸ್ತಕ ವಾಪಸ್ ಕೊಡು. ನಿಂಗೂ ಎಲ್ಲಾದ್ರೂ ಹಿಡ್ಕೊಂಡಿದೆ ಅನ್ನು."

ಅವನು ನಗಲಿಲ್ಲ. "ನಾನು ಮಾಡ್ತೀನಿ ಗೊನ್" ಎಂದ. ಮಾರ್ಗೊನೊ ಎಂಬ ನನ್ನ ಹೆಸರಿನ ಬಾಲವನ್ನಷ್ಟೇ ಅವನು ಹಿಡಿದು ಕರೆಯುವುದು.

"ಯಾಕೆ? ಚಿನ್ನದ ಅಕ್ಷರ ನೋಡಿ ಆಸೆಯಾಯ್ತಾ?"

"ಸಾಯೋ ಪಾತ್ರ ನಂಗೆ ಇನ್ಯಾರು ಕೊಡ್ತಾರೆ ಹೇಳು."

ಅವನು ಯಾವುದನ್ನು ನೆನೆಸಿಕೊಂಡು ಹಾಗೆಂದ ಎಂದು ನನಗೆ ಗೊತ್ತು, ಅಂದು ನಾನೂ ಅಲ್ಲಿದ್ದೆ. ಹೋದ ವರ್ಷ ಅವನ ತಾಯಿ ತೀರಿಕೊಂಡರು. ಹೆಣ ಎತ್ತುವ ಮೊದಲು ಮನೆಯವರಲ್ಲೊಬ್ಬರು ನಿಂತು, ಇವರಿಂದ ಯಾರಿಗಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡಿ ಎಂದು ಬಂದವರನ್ನೆಲ್ಲ ಕೇಳಬೇಕು. ಕುಂಚೊರೊ ಎದ್ದು ನಿಂತ. 'ನಮ್ಮಮ್ಮ' ಎಂದ. ಮುಂದಿನ ಮಾತು ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರಿಗೋ ಅವನ ಆ ಮೌನ ಹಳೆಯ ತಮಾಷೆಯಂತೆ ಕಂಡಿರಬೇಕು, ಕಿಸಕ್ಕೆಂದರು. ಅಲ್ಲಿಂದ ಒಂದೊಂದೇ ಕುರ್ಚಿಗೆ ಹರಡಿ ಕೊನೆಗೆ ಹೆಣದ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡಳು. ಜನರ ಬಗ್ಗೆ ನನಗಿದ್ದ ಅಭಿಪ್ರಾಯ ಆ ದಿನ ಕೆಡಲಿಲ್ಲ. ಕೆಡುವಷ್ಟು ಒಳ್ಳೆಯದಾಗಿ ಮೊದಲೂ ಇರಲಿಲ್ಲ.

"ಒಂದೇ ಒಂದ್ಸಲ" ಎಂದ ಕುಂಚೊರೊ. "ನಾನು ವೇದಿಕೆ ಮೇಲೆ ಸಾಯ್ಬೇಕು, ಯಾರೂ ನಗಬಾರ್ದು. ಅಷ್ಟೇ ಕಣಪ್ಪ."

"ಅದಕ್ಕೆ ಈ ನಾಟಕನಾ? ಈಜೋಕೆ ಹೋಗಿ ಕಲ್ಲು ಕಟ್ಕೊಂಡ ಹಾಗೆ?"

"ಆ ಮಾತೊಂದನ್ನ ಸರಿ ಮಾಡ್ಕೊಂಡ್ರೆ ಸಾವು ಚೆನ್ನಾಗೇ ಇದೆ. ಪಾಕ್ ವಸಿತೊನ ಕೇಳ್ತೀನಿ."

ಕೇಳುವುದಕ್ಕೆ ಅವನು ಹೋಗಬೇಕಾಗಲಿಲ್ಲ. ಮುಂದಿನ ಗುರುವಾರ ಮಧ್ಯಾಹ್ನ ಪಾಕ್ ವಸಿತೊ ಅವರೇ ಕೆನ್ನೆ ಹಿಡಿದುಕೊಂಡು ಪರದೆ ಸರಿಸಿ ಬಂದರು. ನಾನು ಸಿಂಹಾಸನ ಬಿಟ್ಟುಕೊಟ್ಟು ಮೂಲೆಯ ಸ್ಟೂಲಿಗೆ ಹೋದೆ.

"ಡಾಕ್ಟ್ರೇ" ಎಂದರು ಒರಗುತ್ತ, "ರಾತ್ರಿಯೆಲ್ಲ ನಾನು ಪವಡಿಸೋಕೇ ಆಗ್ಲಿಲ್ಲ. ನನ್ನ ಶ್ರೀದಂತ ಒಂದೇ ಸಮ ನೋಯ್ತಾ ಇದೆ."

ನಾನು ಹತ್ತಿರವಿದ್ದ ಹಳೆಯ ವಾರಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಅದು ತಲೆಕೆಳಗಾಗಿತ್ತು, ಪರವಾಗಿಲ್ಲ. ಬರವಣಿಗೆಯಲ್ಲಿ ಆದದ್ದು ಕೈತಪ್ಪು ಎಂದು ತಿಳಿದಿದ್ದೆ. ಈ ಮನುಷ್ಯ ಬದುಕುತ್ತಿದ್ದದ್ದೇ ಹೀಗೆ.

"ಇಂತಿಪ್ ತಿಂದ್ರಾ ಪಾಕ್?" ಎಂದು ಕೇಳಿದ ಕುಂಚೊರೊ.

"ಹೌದು, ನಿನ್ನೆ ಸ್ವಲ್ಪ ಆರೋಗಿಸಿದೆ."

"ಶ್ರೀದಂತದಲ್ಲಿ ತೂತು ಬಿದ್ದಿದೆ. ಬಾಯಿ ತೆಗೀರಿ." ಕನ್ನಡಿ, ಕೊಳವೆ, ಹತ್ತಿ ಎಲ್ಲ ಒಳಗೆ ಹೋದ ಮೇಲೆ ಕುಂಚೊರೊ ಮೆಲ್ಲನೆ ಶುರು ಮಾಡಿದ. "ಪಾಕ್, ನಾಟಕ ಓದ್ದೆ. ಸಾಯೋ ದೃಶ್ಯ ಬಹಳ ಚೆನ್ನಾಗಿದೆ."

"ಆಁ" ಎಂದರು ಪಾಕ್ ವಸಿತೊ.

"ಮಂತ್ರಿ ರಾಜನ ಮುಂದೆ ನಿಂತು ತನ್ನ ಬಗ್ಗೆ ಹೇಳ್ಕೋತಾನಲ್ಲ, ಅಲ್ಲಿ ನಾನು ಸ್ವಲ್ಪ ತಗ್ಗಿಸಿ ಹೇಳ್ಲಾ ಅಂತ. 'ಬಂದೆ' ಅಂತ. 'ಸಾಯ್ತಿದೀನಿ' ಅಂತ. ಆಗಬಹುದಾ?"

"ಆಁ, ಆಁ!"

"ಒಪ್ಪಿದ್ರು ನೋಡು ಗೊನ್!" ಎಂದು ಕುಂಚೊರೊ ನನ್ನತ್ತ ತಿರುಗಿದ. ನಮ್ಮಲ್ಲಿ ಬಾಯಿ ಖಾಲಿ ಇರುವಾಗ ಹೇಳಿದ ಹೂಂ ಎಂಬುದಕ್ಕೇ ಅರ್ಥ ಕಡಿಮೆ. ಇವನು ಹತ್ತಿ ತುಂಬಿದ ಬಾಯಿಯ ಹೂಂಕಾರವನ್ನು ನಂಬಿ ಕುಣಿಯುತ್ತಿದ್ದ.

ಹತ್ತಿ ಹೊರಗೆ ಬಂತು. ಪಾಕ್ ವಸಿತೊ ಬಟ್ಟಲಿಗೆ ಉಗುಳಿ, ಬಾಯೊರೆಸಿಕೊಂಡು, "ಒಂದಕ್ಷರ ಬದಲಾಯಿಸ್ಕೂಡ್ದು" ಎಂದರು. "ಮೇಲ್ಮಾತು ಅಂತ ಯಾಕಂತಾರೆ ಹೇಳಿ ಡಾಕ್ಟ್ರೇ? ಮೇಲಿರೋರು ಆಡ್ತಾರೆ ಅಂತ. ಮಹಾಮಂತ್ರಿ ಬಾಯಲ್ಲಿ 'ಬಂದೆ' 'ತಿಂದೆ' ಅಂತ ಬಂದ್ರೆ ಅವನು ಮಂತ್ರಿನೋ, ತರಕಾರಿ ಮಾರೋನೋ?"

"ಅದಲ್ಲ ಪಾಕ್, ಮೇಲ್ಮಾತು ಎದುರಿಗಿರೋರಿಗೆ..."

"ನಂಗೆ ಭಾಷೆ ಹೇಳ್ಕೊಡ್ತೀರಾ? ನಾನು ಈ ಭಾಷೆ ಉಳಿಸೋಕೆ ಅಂತ್ಲೇ ದಯಮಾಡಿಸಿರೋನು." ಎದ್ದು ಅಂಗಿ ಸರಿ ಮಾಡಿಕೊಂಡರು. "ಮತ್ತೆ ನಿಮ್ಮ ಬಾಯಿಂದ ಹೆಂಗೆ ಬಂದ್ರೂ ಜನ ನಗೋರೇ. ಹಂಗಾಗಿ ಬರೆದಿರೋದನ್ನ ಬರೆದ ಹಾಗೆ ಹೇಳಿ. ಬದಲಾಯಿಸಿದ್ರೆ ಅವತ್ತೇ ತಂಡದಿಂದ ಆಚೆ. ಕಿರೀಟ ನಂದು, ಪರದೆ ನಂದು, ತಿಳೀತಾ?"

ಅವರು ಹೋದ ಮೇಲೆ ಕುಂಚೊರೊ ಸಲಕರಣೆಗಳನ್ನು ಬಿಸಿನೀರಿಗೆ ಹಾಕಿದ.

"ಆಯ್ತಲ್ಲ, ಈಗ ಎರಡೇ ದಾರಿ" ಎಂದೆ ಕುರ್ಚಿಗೆ ಮರಳುತ್ತ. "ಒಂದು, ಬಿಟ್ಟುಬಿಡು. ಇನ್ನೊಂದು, ಬರೆದ ಹಾಗೇ ಹೇಳು. ಶ್ರೀವಕ್ಷ, ಶ್ರೀಪಾದ, ಶ್ರೀಮೂಗು ಎಲ್ಲ. ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ, ನಿನ್ನ ಹೆಸರು ಇನ್ನೂ ದೊಡ್ಡದಾಗುತ್ತೆ. ನಾನು ಅಂಕಣ ಬರೀತೀನಿ, ವಸಿತೊ ಊರು ಬಿಟ್ಟು ದಯಮಾಡಿಸ್ತಾರೆ. ಎಲ್ಲರಿಗೂ ಸುಖ."

"ನಿಂಗೆ ಸುಖ" ಎಂದ ಅವನು. "ಕೆಟ್ಟದ್ದು ಸಿಕ್ರೆ ನಿಂಗೆ ಹಬ್ಬ. ನಾನು ಒಳಗೆ ನಿಂತು ಅದನ್ನ ಹೇಳ್ಬೇಕಲ್ಲ."

"ಕೆಟ್ಟ ನಾಟಕದಲ್ಲಿ ಒಳ್ಳೆ ಸಾವು ಎಲ್ಲಿಂದ ಬರುತ್ತೆ ಮಾಸ್? ಕೊಳೆತ ಹಲ್ಲಿಗೆ ನೀನೇ ಚಿನ್ನ ತುಂಬ್ತೀಯಾ?"

"ದಿನಾ ತುಂಬ್ತೀನಿ. ಅದೇ ನನ್ನ ಕಸುಬು."

ಸುಮ್ಮನಿರುವುದು ನನ್ನ ಜಾತಕದಲ್ಲಿ ಇಲ್ಲ. "ಸರಿ, ಹೇಳು ನೋಡೋಣ, ಕತ್ತಿ ಚುಚ್ಕೊಂಡೋನು ಏನಂತಾನೆ?" ಎಂದೆ.

ಆ ಮಧ್ಯಾಹ್ನ ನಾವು ಮಾಡಿದ್ದು ಅದೊಂದೇ ಕೆಲಸ. ಅವನು ಸಾಯುವುದು, ನಾನು ತೀರ್ಪು ಕೊಡುವುದು. ಉದ್ದ ಭಾಷಣ ಮಾಡಿ ಸತ್ತ. "ಇಷ್ಟು ಮಾತಾಡೋನಿಗೆ ಕತ್ತಿ ತಾಗಿಲ್ಲ, ಕಚಗುಳಿ ಆಗಿದೆ" ಎಂದೆ. ನರಳಿ ಸತ್ತ. "ಅದು ನಿನ್ನ ರೋಗಿಗಳ ನಕಲು, ದಿನಾ ಕೇಳ್ತೀನಿ." ಕಣ್ಣು ತೇಲಿಸಿ ಸತ್ತ. ಅದಕ್ಕೆ ನಾನು ಇಂತಿಪ್ ಕಡಿದೆ. ಆಮೇಲೆ ಅವನು ಸುಸ್ತಾಗಿ ಔಷಧಿ ಬೀರುವಿಗೆ ಒರಗಿ, ನನ್ನನ್ನು ನೋಡದೆ, "ದೊರೆಯೇ, ಬಂದೆ. ಇಷ್ಟೇ ನನ್ನ ಕೈಲಾಗಿದ್ದು. ಸಾಯ್ತಿದೀನಿ" ಎಂದ.

ನಾನು ಇಂತಿಪ್ ಕೆಳಗಿಟ್ಟೆ.

"ಇದಕ್ಕೇನು ಬೈಗುಳ?" ಎಂದ.

"ಹುಡುಕ್ತಾ ಇದೀನಿ. ಸಿಕ್ಕಿದ ಮೇಲೆ ಹೇಳ್ತೀನಿ. ಆದ್ರೆ ಮಾಸ್, ಯೋಚನೆ ಮಾಡು. ವಸಿತೊನ ಮಾತಿಗೆ ಜನ ನಕ್ಕರೆ ವಸಿತೊಗೆ ನಕ್ಕ ಹಾಗೆ. ನಿನ್ನ ಮಾತಿಗೂ ನಕ್ರೆ?"

"ಆವಾಗ ನಂಗೆ ನಕ್ಕ ಹಾಗೆ. ತಿಳ್ಕೊಂಡುಬಿಡ್ತೀನಿ. ಆಮೇಲೆ ತಂಡಾನೂ ಬೇಡ, ಕಿರೀಟಾನೂ ಬೇಡ. ಹಲ್ಲು ಕಿತ್ಕೊಂಡು ಇರ್ತೀನಿ."

ಆಟ ಒಂದು ಭಾನುವಾರ ಸಂಜೆ. ನಮ್ಮ ಬಡಾವಣೆಯ ಸಭಾಂಗಣಕ್ಕೆ ಬಾಗಿಲುಗಳಿಲ್ಲ, ಕಂಬಗಳು ಮಾತ್ರ. ಕಂಬಕ್ಕೊಬ್ಬರು ಒರಗಿದ್ದರು. ಮುಂದಿನ ಸಾಲಿನ ನಟ್ಟನಡುವೆ ಪಾಕ್ ವಸಿತೊ, ಹೊಸ ಬಾಟಿಕ್ ಅಂಗಿ, ತೊಡೆಯ ಮೇಲೆ ಕೆಂಪು ಪುಸ್ತಕ. ನಟರ ಬಾಯಿಯ ಜೊತೆ ಅವರ ತೋರುಬೆರಳು ಸಾಲುಸಾಲಾಗಿ ಓಡುತ್ತಿತ್ತು. ಪೋಲೀಸಿನವರು ಕಳ್ಳನ ಹೇಳಿಕೆ ಓದುವಾಗ ಹಾಗೆ ಬೆರಳಿಡುತ್ತಾರೆ.

ಮೊದಲ ಅಂಕದಲ್ಲಿ ಬಟ್ಟೆ ಅಂಗಡಿಯ ಬು ಸುಕೆಸಿ, ಅಂದರೆ ಸುಕೆಸಿಯಮ್ಮ, ರಾಣಿಯಾಗಿ ಬಂದಳು. ಪಾಪ, ಕಿರೀಟದ ಆಸೆಗೆ ಬರೆದದ್ದನ್ನು ಬರೆದ ಹಾಗೇ ಹೇಳಿದಳು. "ಸ್ವಾಮಿ, ನಾನೀಗ ತಾನೇ ಆರೋಗಿಸಿ, ನನ್ನ ಶ್ರೀಹಸ್ತವನ್ನು ತೊಳೆದುಕೊಂಡು ದಯಮಾಡಿಸಿದೆ!" ಸಭಾಂಗಣಕ್ಕೆ ಅರೆಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಒಬ್ಬ ಮುದುಕ ಕಂಬ ಬಿಟ್ಟು ಕೂತುಬಿಟ್ಟ. ಸೇನಾಪತಿ ತಾನು ಕುದುರೆಯಿಂದ 'ಅವತರಿಸಿದೆ' ಎಂದ. ಹೆಂಗಸರು ಒಬ್ಬರ ಭುಜಕ್ಕೆ ಒಬ್ಬರು ಹಣೆ ಗುದ್ದಿಕೊಂಡರು. ಪಾಕ್ ವಸಿತೊ ಒಂದೊಂದು ನಗೆಗೂ ಹಿಂದೆ ತಿರುಗಿ ನೋಡಿ ತಲೆ ಬಾಗಿಸುತ್ತಿದ್ದರು. ಸಿಮೆಂಟು ಮಾರುವಾಗಲೂ ಗಿರಾಕಿ ನಕ್ಕರೆ ಒಪ್ಪಿದ ಎಂದೇ ಲೆಕ್ಕ ಹಾಕಿರಬೇಕು.

ಕುಂಚೊರೊ ಬರುವ ಹೊತ್ತಿಗೆ ಜನ ನಕ್ಕು ನಕ್ಕು ಹದವಾಗಿದ್ದರು. ಅವನ ಮೂಗು ಕಂಡ ಕೂಡಲೇ ಹೋ ಎಂದರು. ಅವನು ನಡುವೇದಿಕೆಗೆ ಬಂದು ರಾಜನಿಗೆ ಕೈಮುಗಿದ. ಜನ ತಯಾರಾಗಿ ಕಾದರು.

"ದೊರೆಯೇ, ಬಂದೆ."

ನಾಲ್ಕಾರು ಜನ ಅಭ್ಯಾಸಬಲದಿಂದ ನಕ್ಕರು. ನಕ್ಕವರಿಗೇ ಯಾವುದಕ್ಕೆ ನಕ್ಕೆವು ಎಂದು ಗೊತ್ತಾಗದೆ ಅಕ್ಕಪಕ್ಕ ನೋಡಿದರು. ಪಾಕ್ ವಸಿತೊ ಅವರ ಬೆರಳು ಪುಟದ ಮೇಲೆ ನಿಂತಿತು. ಅದು ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. 'ರಾತ್ರಿ ನಿದ್ದೆ ಮಾಡಿಲ್ಲ' ಎಂದ ಕುಂಚೊರೊ. 'ಕಾಲು ಸೋತಿದೆ' ಎಂದ. ಇಷ್ಟು ಹೊತ್ತು ಶ್ರೀಪಾದಗಳನ್ನು ಹೊತ್ತು ದಣಿದಿದ್ದ ಜನಕ್ಕೆ ಒಬ್ಬ ಮನುಷ್ಯನ ಬರಿಗಾಲು ಕಂಡಿತು. ಗದ್ದಲ ಇಳಿಯಿತು. ನಿರ್ದೇಶಕ ಮರದ ಪೆಟ್ಟಿಗೆ ಕುಟ್ಟಿ ಸನ್ನೆ ಕೊಡುವುದು ನನಗೆ ಅವತ್ತು ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು.

ಕೊನೆಯ ಅಂಕ. ಕತ್ತಿ ಹೊಳೆಯಿತು, ಕುಂಚೊರೊ ಅಡ್ಡ ಬಂದ, ಬಿದ್ದ. ರಾಜ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಇಷ್ಟೇ ನನ್ನ ಕೈಲಾಗಿದ್ದು ದೊರೆಯೇ" ಎಂದ ಕುಂಚೊರೊ. "ಸಾಯ್ತಿದೀನಿ."

ಯಾರೂ ನಗಲಿಲ್ಲ. ಕಂಬದ ಬಳಿಯ ಮುದುಕ ಎದ್ದು ನಿಂತಿದ್ದ. ಕುಂಚೊರೊನ ಕಣ್ಣು ಮೆಲ್ಲಗೆ ಮುಚ್ಚಿತು.

"ಸ್ವರ್ಗಸ್ಥ!"

ಪಾಕ್ ವಸಿತೊ ಎದ್ದು ನಿಂತಿದ್ದರು. ಪುಸ್ತಕ ಮೇಲಕ್ಕೆತ್ತಿ ಹಿಡಿದಿದ್ದರು. "ಸ್ವರ್ಗಸ್ಥರಾಗಲು ಚಿತ್ತೈಸಿದ್ದೇನೆ ಅನ್ನಿ! ಡಾಕ್ಟ್ರೇ! ಸಾಯೋಕೆ ಮುಂಚೆ ಅದನ್ನ ಹೇಳ್ಬೇಕು! ಇಲ್ಲಿ ಬರೆದಿದೀನಿ!"

ಸಭಾಂಗಣ ಸಿಡಿಯಿತು. ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಉಸಿರೆಲ್ಲ ನಗುವಾಗಿ ಬಂತು. "ಡಾಕ್ಟ್ರೇ, ಎದ್ದು ಬಂದು ಸರಿಯಾಗಿ ಸಾಯ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಶ್ರೀಮಂತ್ರಿಗಳೇ, ಏನಂತೀರಿ?" ಎಂದು ಇನ್ನೊಬ್ಬರು.

ನಾನು ಪಕ್ಕದಲ್ಲಿ, ವೇದಿಕೆಗೆ ಒತ್ತಿಕೊಂಡು ನಿಂತಿದ್ದೆ. ಕುಂಚೊರೊನ ಮುಖ ನನಗೆ ಒಂದು ಮಾರು ದೂರದಲ್ಲಿತ್ತು. ಅವನ ಎಡಗೆನ್ನೆ ಸಣ್ಣಗೆ ಹಾರಿತು. ಆ ಹಾರಾಟ ನನಗೆ ಗೊತ್ತು. ಅದು ಬಂತೆಂದರೆ ಹಿಂದೆಯೇ ಒಂದು ಮಾತು ಬರುತ್ತದೆ, ಆ ಮಾತು ಬಂತೆಂದರೆ ಊರು ಒಂದು ತಿಂಗಳು ಅದನ್ನೇ ಆಡಿಕೊಂಡು ನಗುತ್ತದೆ. ಹೆಣ ಒಂದು ಕಣ್ಣು ತೆರೆದು ನಾಟಕಕಾರನಿಗೆ ಉತ್ತರ ಕೊಡುವುದು! ಅಂಥ ಅವಕಾಶ ವಿದೂಷಕನಿಗೆ ಜನ್ಮಕ್ಕೊಮ್ಮೆ ಸಿಗುತ್ತದೆ. ಸಭಾಂಗಣವೂ ಅದನ್ನೇ ಕಾಯುತ್ತಿತ್ತು. ಮಾತು ಕೇಳಿಸದೆ ಹೋದೀತೆಂದು ಒಬ್ಬರನ್ನೊಬ್ಬರು ಗದರಿಸಿ ಸುಮ್ಮನಾಗಿಸಿದರು. ಪೂರ್ತಿ ಸದ್ದಡಗಿತು.

ಕೆನ್ನೆ ಇನ್ನೊಮ್ಮೆ ಹಾರಿತು. ನಿಂತಿತು.

ಉತ್ತರ ಬರಲಿಲ್ಲ.

ಜನ ಕಾದರು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕತ್ತು ಚಾಚಿದರು. ಅವನ ಕೈ ರಾಜನ ತೊಡೆಯಿಂದ ಜಾರಿ ಹಲಗೆಗೆ ತಾಗಿತು, ಅಲ್ಲೇ ಉಳಿಯಿತು. ಎಷ್ಟು ಹೊತ್ತಾದರೂ ಆ ಮನುಷ್ಯ ಉತ್ತರ ಕೊಡದೇ ಇರುವಾಗ, ಅವನು ಯಾಕೆ ಕೊಡುತ್ತಿಲ್ಲ ಎಂಬುದು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಮೆಲ್ಲಗೆ ತಿಳಿಯುತ್ತ ಹೋಯಿತು. ಮಂತ್ರಿ ಸತ್ತಿದ್ದ. ಮುದುಕ ತಲೆಯ ಮೇಲಿನ ಟೋಪಿ ತೆಗೆದ. ಬು ಸುಕೆಸಿ ಅಳಬೇಕೆಂದು ಪುಸ್ತಕದಲ್ಲಿ ಬರೆದಿರಲಿಲ್ಲ, ಅತ್ತಳು.

"ಬರ್ದಿದೀನಲ್ಲ ಇಲ್ಲಿ" ಎಂದರು ಪಾಕ್ ವಸಿತೊ, ಯಾರಿಗೆಂದು ಗೊತ್ತಾಗದೆ. ಹಿಂದಿನ ಸಾಲಿನ ಹೆಂಗಸೊಬ್ಬಳು ಅವರ ಅಂಗಿ ಹಿಡಿದು ಎಳೆದು ಕೂರಿಸಿದಳು. "ಕೂತ್ಕೋ ಮಾರಾಯ, ಸಾವಾಗಿದೆ" ಎಂದಳು, ಅಚ್ಚ ಕೆಳಮಾತಿನಲ್ಲಿ.

ಬಣ್ಣದ ಕೋಣೆಗೆ ಪಾಕ್ ವಸಿತೊ ನನಗಿಂತ ಮೊದಲೇ ನುಗ್ಗಿದ್ದರು. "ಇಡೀ ನಾಟಕದಲ್ಲಿ ಜನ ಸಂತೋಷಪಡದೇ ಇದ್ದದ್ದು ನಿಮ್ಮ ಭಾಗ ಒಂದೇ!" ಎಂದು ಕೂಗುತ್ತಿದ್ದರು. "ರಾಣಿಗೆ ನಕ್ರು, ಸೇನಾಪತಿಗೆ ನಕ್ರು. ನೀವು ಬಂದ್ರಿ, ಎಲ್ಲಾ ತಣ್ಣಗಾಯ್ತು. ನಾನೇ ಎದ್ದು ಮಾತು ಕರುಣಿಸ್ಬೇಕಾಯ್ತು. ನಾಳೆಯಿಂದ ನೀವು ತಂಡದಲ್ಲಿಲ್ಲ!"

"ಅಪ್ಪಣೆ, ಪಾಕ್" ಎಂದ ಕುಂಚೊರೊ. ಕೊಬ್ಬರಿ ಎಣ್ಣೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. "ತಾವು ದಯಮಾಡಿಸಿದ್ದು ಬಹಳ ಸಂತೋಷ. ಆ ತೂತು ತುಂಬಿಸ್ಕೊಳೋಕೆ ಬುಧವಾರ ಬನ್ನಿ, ಮರೀಬೇಡಿ."

ಮೇಲ್ಮಾತು ಕೊನೆಗೂ ಸರಿಯಾದ ವಿಳಾಸಕ್ಕೆ ಹೋಯಿತು. ಪಾಕ್ ವಸಿತೊ ಅದನ್ನು ಹೊಗಳಿಕೆ ಎಂದೇ ತಿಳಿದು ಸ್ವಲ್ಪ ತಣ್ಣಗಾಗಿ ಹೊರಟರು.

ನಾನು ಪೆಟ್ಟಿಗೆಯ ಮೇಲೆ ಕೂತೆ. "ಮಾಸ್, ಒಂದು ಮಾತಿತ್ತಲ್ವಾ?"

"ಯಾವ್ದು?"

"ಸುಮ್ನಿರು. ಕೆನ್ನೆ ಹಾರಿದ್ದು ನೋಡಿದೀನಿ. ವಸಿತೊಗೆ ಒಂದು ಉತ್ತರ ಬಂದಿತ್ತು ನಿನ್ನ ಬಾಯಿಗೆ."

"ಬಂದಿತ್ತು."

"ಚೆನ್ನಾಗಿತ್ತಾ?"

ಅವನು ಕನ್ನಡಿಯಲ್ಲಿ ಒಂದು ಕ್ಷಣ ನನ್ನನ್ನು ನೋಡಿದ. "ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿರೋದು ಬಂದಿರ್ಲಿಲ್ಲ ಗೊನ್."

"ಹೇಳು ಮತ್ತೆ! ಮುಂದಿನ ಭಾನುವಾರ ಅಚ್ಚು ಹಾಕ್ಸಿ ವಸಿತೊನ ಸಮಾಧಿ ಕಟ್ಟಿಸ್ತೀನಿ, ಅವರದ್ದೇ ಸಿಮೆಂಟಲ್ಲಿ."

"ಅದು ಸತ್ತೋನ ಬಾಯಿಗೆ ಬಂದ ಮಾತು. ಬದುಕಿರೋನು ಹೆಂಗೆ ಹೇಳೋದು?"

ಕಾಡಿದೆ, ಬೈದೆ, ಕಾಲು ಹಿಡಿಯುವುದೊಂದು ಬಾಕಿ. ಅವನು ಬಾಯಿ ಬಿಡಲಿಲ್ಲ. ಊರಿನ ಬಾಯಿಗಳನ್ನೆಲ್ಲ ಬಿಡಿಸುವ ಕಸುಬಿನವನು. ಕೊನೆಗೆ, ಆ ಹೆಣ ಏನಂದಿರಬಹುದೆಂದು ಮನೆಯಲ್ಲಿ ಕೂತು ನಾನೇ ಹೊಸೆದೆ. ಒಂದಕ್ಕಿಂತ ಒಂದು ಹರಿತವಾದ ಮೂರು ಮಾತು ಸಿದ್ಧವಾದವು. ಗುರುವಾರ ಕುರ್ಚಿಯಲ್ಲಿ ಒರಗಿ ಮೂರನ್ನೂ ಅವನ ಮುಂದೆ ಓದಿದೆ.

ಅವನು ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡ.

"ಮೊದಲ್ನೇದು ಹಾಲುಹಲ್ಲು" ಎಂದ. "ಎರಡನೇದರಲ್ಲಿ ಬರೀ ಒಸಡು. ಮೂರನೇದು ನಿಂಗೆ ತುಂಬ ಇಷ್ಟ ಆಗಿದೆ ಅಂತ ಕಾಣುತ್ತೆ, ಅದಕ್ಕೇ ಅದು ಹಾಳಾಗಿದೆ." ಆಮೇಲೆ ಪರದೆ ಸರಿಸಿ, ಹೊರಗೆ ಕಾಯುತ್ತಿದ್ದ ರೋಗಿಯನ್ನು ಕರೆದ. "ಏಳು, ಕುರ್ಚಿ ಬಿಡು. ಇವ್ರಿಗೆ ನಿಜವಾಗ್ಲೂ ನೋವಿದೆ."